ಬೋರ್ಡಕ್ಕನ ಗೋಡೆ

ಬೋರ್ಡಕ್ಕನ ಮುತ್ತಜ್ಜ ದೋಣಿಗಳ ಮೈಮೇಲೆ ಹೆಸರು ಬರೆಯುತ್ತಿದ್ದವನು. ಮುಳುಗಿಹೋದ ದೋಣಿಯೊಂದರ ಹೆಸರನ್ನು ಇನ್ನೊಂದು ಹಳೇ ದೋಣಿಗೆ ಬರೆಸಿ ಜನರ ಕಣ್ಣಿಗೆ ಮಣ್ಣೆರಚಲು ಹೊರಟ ಸಾಹುಕಾರನ ಎದುರಿಗೇ ಬಣ್ಣದ ಡಬ್ಬಿಯನ್ನು ಹೊಳೆಗೆ ಸುರಿದು ಮನೆಗೆ ನಡೆದ. ಅವನ ಮಗ ಏಣಿಯಜ್ಜ. ಊರಿನ ಮೊದಲ ಟಾಕೀಸಿನ ಹಣೆಯ ಮೇಲೆ ಆಳೆತ್ತರದ ಅಕ್ಷರ ಬರೆದವನು. ಹೋಟೆಲಿನವನೊಬ್ಬ "ಕೂಲಿಯವರಿಗೆ ಒಳಗೆ ಜಾಗವಿಲ್ಲ" ಎಂದು ಬರೆಯಲು ಹೇಳಿದಾಗ "ಎಲ್ಲರೂ ಬನ್ನಿ" ಎಂದು ಚೆಂದವಾಗಿ ಬರೆದು, ಏಣಿ ಹೆಗಲಿಗೇರಿಸಿ ಬಂದುಬಿಟ್ಟ. ಓದು ಬಾರದ ಹೋಟೆಲಿನವನಿಗೆ ವಿಷಯ ತಿಳಿಯುವ ಹೊತ್ತಿಗೆ ಹೋಟೆಲು ತುಂಬಿತ್ತು, ಅಳಿಸಲು ಮನಸ್ಸಾಗಲಿಲ್ಲ.

ಏಣಿಯಜ್ಜನ ಮಗ, ಅಂದರೆ ಬೋರ್ಡಕ್ಕನ ಅಪ್ಪ, ಅಂಥ ಸಾಹಸವೇನೂ ಮಾಡಲಿಲ್ಲ. ಆದರೆ ಅವನು ಬರೆದ ಬೋರ್ಡುಗಳಲ್ಲಿ ಇಂದಿಗೂ ಒಂದು ಚೂರು ಬಣ್ಣ ಎದ್ದಿಲ್ಲ. ಅದು ಆ ಮನೆತನದ ಕಟ್ಟಳೆಯ ಗುಣ. ಕಾದ ಗೋಡೆಗೆ ಕುಂಚ ಮುಟ್ಟಿಸಕೂಡದು, ಬಿಸಿಲಿಗೆ ಬಣ್ಣ ಬೊಬ್ಬೆಯೇಳುತ್ತದೆ. ಬೆಳಿಗ್ಗೆ ಪಡುವಣಕ್ಕೆ ಮುಖ ಮಾಡಿದ ಗೋಡೆ, ಮಧ್ಯಾಹ್ನದ ಮೇಲೆ ಮೂಡಣಕ್ಕೆ ಮುಖ ಮಾಡಿದ ಗೋಡೆ. ನೆರಳು ಸರಿದ ಹಾಗೆ ಏಣಿಯೂ ಸರಿಯಬೇಕು.

ಇಂಥ ಮನೆಯ ಹೆಣ್ಣುಮಗಳಿಗೆ ಬಿಸಿಲೇ ಹಗೆಯಾಯಿತು. ಬಿಸಿಲನ್ನಾದರೂ ಕ್ಷಮಿಸಬಹುದು, ಅದಕ್ಕೆ ಕಣ್ಣಿಲ್ಲ. ಕಣ್ಣಿದ್ದೂ ನೋಡದವರ ಕತೆ ಹೇಳಲು ನಾನು ಕೂತಿದ್ದೇನೆ.

ಹುಡುಗಿಗೆ ಆಗಿನ್ನೂ ಹರೆಯ. ಊರ ಹೊರಗಿನ ಪೆಟ್ರೋಲ್ ಬಂಕಿನ ಬೋರ್ಡು ಬರೆಯುವ ಕೆಲಸ ಸಿಕ್ಕಿತು. ನಾಲ್ಕು ದಿಕ್ಕಿಗೂ ಬಟಾಬಯಲು, ಒಂದು ಮರವಿಲ್ಲ, ನೆರಳಿಗೆ ಕಾಯುತ್ತ ಕೂತರೆ ಬಂಕಿನವನು ಬೈಯುತ್ತಾನೆ. ಅಪ್ಪ ಮಗಳು ಕಟ್ಟಳೆ ಮುರಿದು ಬಿಸಿಲಲ್ಲೇ ಬರೆದರು. ಮನೆಗೆ ಬಂದ ಮೇಲೆ ಅಪ್ಪ ಮಗಳ ಮುಖ ನೋಡಿದ.

"ಮುಖ ತೊಳ್ಕೊಂಡು ಬಾರೇ, ಕೆನ್ನೆ ಮೇಲೆ ಕೆಂಪು ಹಾಗೇ ಇದೆ."

"ತೊಳ್ಕೊಂಡೇ ಬಂದಿದೀನಪ್ಪಾ."

"ಮತ್ತೆ ಇದೇನು, ನಿಮ್ಮಜ್ಜಿ ಬಂದು ಬಳಿದು ಹೋದ್ಲಾ?"

ಎರಡು ಕೆನ್ನೆಯನ್ನೂ ಮೂಗಿನ ದಿಂಡನ್ನೂ ಸೇರಿಸಿ ಚಿಟ್ಟೆ ರೆಕ್ಕೆ ಬಿಚ್ಚಿ ಕೂತ ಹಾಗೆ ಕೆಂಪು. ಅಪ್ಪ ಸೀಮೆಎಣ್ಣೆಯಲ್ಲಿ ಅದ್ದಿದ ಚಿಂದಿ ಬಟ್ಟೆ ತಂದು, ಬೋರ್ಡಿನ ಮೇಲೆ ಚೆಲ್ಲಿದ ಬಣ್ಣ ಒರೆಸುವ ಹಾಗೆ ತಿಕ್ಕಿದ. ಬಣ್ಣದವರ ಮನೆಯಲ್ಲಿ ಮಾತ್ರ ಆಗಬಹುದಾದ ತಪ್ಪು ಅದು. ಬೇರೆ ಯಾರ ಮನೆಯಲ್ಲಾದರೂ ಹುಡುಗಿಗೆ ಏನೋ ಆಗಿದೆ ಎಂದು ಗಾಬರಿಯಾಗುತ್ತಿದ್ದರು. ಇಲ್ಲಿ ಕೆಂಪು ಕಂಡರೆ ಡಬ್ಬಿಯ ಮೇಲೇ ಗುಮಾನಿ. ತಿಕ್ಕಿದಷ್ಟೂ ಕೆಂಪೇರಿತು. ಕಡೆಗೆ ಅಪ್ಪ ತೀರ್ಪು ಕೊಟ್ಟ, ಆ ಕಂಪನಿಯ ಕೆಂಪು ಬಣ್ಣದಲ್ಲೇ ವಿಷವಿದೆ ಎಂದು. ಅಂದಿನಿಂದ ಆ ಮನೆಗೆ ಕೆಂಪು ಬಣ್ಣ ಬರುವುದೇ ನಿಂತಿತು. ನಮ್ಮ ಬೀದಿಯ ಕಸಾಯಿ ಅಂಗಡಿಯ ಬೋರ್ಡು ಇಂದಿಗೂ ಹಸಿರಾಗಿರುವುದು ಅದಕ್ಕೇ. ಹೊಸಬರು ತರಕಾರಿ ಕೇಳಿಕೊಂಡು ಒಳಗೆ ಹೋಗುತ್ತಾರೆ.

ಇಷ್ಟನ್ನು ನಗುತ್ತಲೇ ಹೇಳಬಹುದು. ಅಪ್ಪ ಓದಿದವನಲ್ಲ, ಪ್ರೀತಿಯಿಂದ ತಪ್ಪಿದ. ಆದರೆ ಮೇಜಿನ ಹಿಂದೆ ಕೂತವರು ಯಾತಕ್ಕೆ ತಪ್ಪಿದರು? ಮೊದಲನೆಯ ಡಾಕ್ಟರು "ಏನ್ ಕೆಲಸ ಮಾಡ್ತೀಯಮ್ಮ?" ಎಂದು ಕೇಳಿದರು. "ಬೋರ್ಡ್ ಬರೀತೀನಿ" ಎಂದಳು. ಮುಗಿಯಿತು. ಪೇಂಟ್ ಅಲರ್ಜಿ ಎಂದು ಚೀಟಿ ಬರೆದರು, ತಲೆ ಎತ್ತಲಿಲ್ಲ. ಎರಡನೆಯವರು ಮೊದಲಿನವರ ಚೀಟಿ ನೋಡಿ ಅದನ್ನೇ ಬರೆದರು. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುವುದಿಲ್ಲ ಎಂದಳು, ಏಣಿ ಹತ್ತಿದ ಸುಸ್ತು ಎಂದರು. ಬಾಯೊಳಗೆ ಹುಣ್ಣು ಎಂದಳು, ಹೊಟ್ಟೆಯ ಉಷ್ಣ ಎಂದರು. ಬಾಚಣಿಗೆ ತುಂಬ ಕೂದಲು ಎಂದಳು. ಮೂರನೆಯವರು ಅವಳನ್ನು ಬಿಟ್ಟು ಜೊತೆಗೆ ಬಂದಿದ್ದ ಅವಳ ಅಣ್ಣನ ಕಡೆ ತಿರುಗಿ, "ಮದುವೆ ಮಾಡಿಬಿಡಿ, ಎಲ್ಲ ಸರಿ ಹೋಗುತ್ತೆ" ಎಂದರು. ಮದುವೆಯಾದರೆ ಕೂದಲು ಉದುರುವುದು ನಿಲ್ಲುವುದಾದರೆ ಊರಿನ ಅರ್ಧ ಗಂಡಸರು ಬೋಳಾಗಿ ತಿರುಗುತ್ತಿರಲಿಲ್ಲ!

ಮನೆಯಲ್ಲಿ ಅತ್ತಿಗೆಗೂ ಸದರ ಸಿಕ್ಕಿತು. "ಡಾಕ್ಟರೇ ಏನೂ ಇಲ್ಲ ಅಂದ್ರಲ್ಲ. ಬೆರಳು ನೋವಂತೆ, ಬೆರಳು! ಪಾತ್ರೆ ಕಂಡ್ ಕೂಡ್ಲೇ ಬರುತ್ತೆ, ಊಟ ಕಂಡ್ರೆ ಹೋಗುತ್ತೆ."

"ಅತ್ತಿಗೆ, ನೀವೇ ಒಂದಿನ ಈ ಬೆರಳು ಇಟ್ಕೊಂಡು ನೋಡಿ. ವಾಪಸ್ ಕೊಡೋದು ಬೇಡ" ಎನ್ನುತ್ತಿದ್ದಳು ಬೋರ್ಡಕ್ಕ. ನಾಲಿಗೆ ಮಾತ್ರ ಅವಳಿಗೆ ಎಂದೂ ನೋಯಲಿಲ್ಲ.

ಬಣ್ಣ ಬಿಡು ಎಂದರು, ಬಿಟ್ಟಳು. ಕುಂಚ ಮೂಲೆ ಸೇರಿತು, ಕೆನ್ನೆಯ ಕೆಂಪು ಅಲ್ಲಿಯೇ ಇತ್ತು. ಆಗಲಾದರೂ ಯಾರಿಗಾದರೂ ಹೊಳೆಯಬೇಡವೇ? ಅಪ್ಪ ತೀರಿಕೊಂಡ. ವರ್ಷಗಳು ಉರುಳಿದವು. ಕಾಲು ಕಂಬದ ಹಾಗೆ ಊದಿಕೊಂಡು, ಮೂತ್ರದಲ್ಲಿ ನೊರೆ ಬಂದು, ಒಂದು ದಿನ ಅಂಗಳದಲ್ಲಿ ಬಿದ್ದ ಮೇಲೆಯೇ ಅಣ್ಣ ಅವಳನ್ನು ದೊಡ್ಡಾಸ್ಪತ್ರೆಗೆ ಹೊತ್ತೊಯ್ದ. ಅಲ್ಲಿ ಹಿಂದಿನ ಕಟ್ಟಡದ ಸಣ್ಣ ಕೋಣೆಯಲ್ಲಿ ಸಂಶೋಧನೆ ಮಾಡುವ ಡಾಕ್ಟರಮ್ಮ ಒಬ್ಬರಿದ್ದರು. ಆಕೆ ಚೀಟಿ ಓದುವ ಮೊದಲು ಮುಖ ನೋಡಿದರು. ಬೇರೆಯವರು ಮಾಡದೆ ಬಿಟ್ಟಿದ್ದ ಕೆಲಸ ಅದೊಂದೇ.

"ಬಿಸಿಲಿಗೆ ಹೋದ್ರೆ ಜಾಸ್ತಿಯಾಗುತ್ತಾ?"

"ಆಗುತ್ತೆ ಡಾಕ್ಟರಮ್ಮ. ಇಷ್ಟು ವರ್ಷ ಯಾರೂ ಕೇಳ್ಲಿಲ್ಲ."

ರಕ್ತ ಪರೀಕ್ಷೆಯಾಯಿತು. ಕಾಯಿಲೆಗೆ ಹೆಸರು ಸಿಕ್ಕಿತು, ಲೂಪಸ್. "ಮೈ ಕಾಯಬೇಕಾದ ಶಕ್ತಿ ದಾರಿ ತಪ್ಪಿ ಮೈಯನ್ನೇ ಹೊಡೆಯುತ್ತೆ. ಕೀಲು, ಚರ್ಮ, ಮೂತ್ರಪಿಂಡ, ಎಲ್ಲಿ ಬೇಕಾದ್ರೂ" ಎಂದರು ಡಾಕ್ಟರಮ್ಮ.

"ತುಕ್ಕು ಕೆರೆಯೋಕೆ ಕೂರಿಸಿದವನು ತಗಡನ್ನೇ ಕೆರೆದು ತೂತು ಮಾಡಿದ ಹಾಗೆ ಅನ್ನಿ. ಯಾಕೆ ಹಂಗ್ ಮಾಡ್ತಾನೆ ಅವನು?"

"ಪೂರ್ತಿ ಯಾರಿಗೂ ಗೊತ್ತಿಲ್ಲಮ್ಮ. ಅದನ್ನ ಹುಡುಕೋಕೇ ನಾನಿಲ್ಲಿ ಕೂತಿರೋದು. ಬೇರುಸಹಿತ ಕೀಳೋ ಔಷಧಿ ಇನ್ನೂ ಇಲ್ಲ, ಆದ್ರೆ ಬೇಗ ಬಂದ್ರೆ ಹಿಡಿತದಲ್ಲಿ ಇಡಬಹುದು. ನೀವು ಬೇಗ ಬಂದಿದ್ರೆ ಮೂತ್ರಪಿಂಡಕ್ಕೆ ಈ ಪೆಟ್ಟು ಬೀಳ್ತಿರ್ಲಿಲ್ಲ."

"ನಾನು ಬೇಗಾನೇ ಬಂದಿದ್ದೆ" ಎಂದಳು ಬೋರ್ಡಕ್ಕ. "ಮೂರು ಬಾಗಿಲಿಗೆ ಬಂದಿದ್ದೆ."

ಔಷಧಿ ಹಿಡಿಯಿತು. ಕುಂಚ ಮತ್ತೆ ಕೈಗೆ ಬಂತು. ಅಪ್ಪನ ಕಟ್ಟಳೆ ಈಗ ಗೋಡೆಗೆ ಮಾತ್ರವಲ್ಲ, ಅವಳ ಚರ್ಮಕ್ಕೂ ಕಟ್ಟಳೆಯಾಯಿತು. ಉದ್ದ ತೋಳಿನ ಅಂಗಿ, ಅಗಲ ಅಂಚಿನ ಟೋಪಿ, ನೆರಳಿನ ಹಿಂದೆ ಏಣಿ. ಡಾಕ್ಟರಮ್ಮನ ಅಧ್ಯಯನಕ್ಕೆ ಕರೆದಾಗೆಲ್ಲ ಹೋಗಿ ರಕ್ತ ಕೊಟ್ಟು ಬಂದಳು.

ಊರಿನಲ್ಲಿ ಲೂಪಸ್ ಜಾಗೃತಿಗೆಂದು ಒಂದು ಸಮಿತಿಯೂ ಇದೆ. ಬಟ್ಟೆ ಅಂಗಡಿಯ ಮಾಲೀಕರು ಅದರ ಅಧ್ಯಕ್ಷರು. ಇವರು ಒಂದು ನಡಿಗೆ ಏರ್ಪಡಿಸಿದರು. ಯಾವಾಗ? ಸುಡು ಬೇಸಿಗೆಯಲ್ಲಿ, ನೆತ್ತಿಯ ಮೇಲೆ ಸೂರ್ಯ ಬಂದಾಗ! ಪತ್ರಿಕೆಯವರು ಆ ಹೊತ್ತಿಗೆ ಬರುತ್ತಾರಂತೆ. ಬಿಸಿಲು ತಾಕಿದರೆ ಹಾಸಿಗೆ ಹಿಡಿಯುವ ಕಾಯಿಲೆಯವರನ್ನು ಡಾಂಬರು ರಸ್ತೆಯಲ್ಲಿ ನಡೆಸಿದರು. ಛತ್ರಿ ಬಿಚ್ಚಿದವಳಿಗೆ ಮುಚ್ಚಲು ಹೇಳಿದರು, ಸಮಿತಿ ಹಂಚಿದ ಟೀ ಶರ್ಟಿನ ಮೇಲಿನ ಅಕ್ಷರ ಕಾಣುವುದಿಲ್ಲ ಎಂದು. ಬೋರ್ಡಕ್ಕನ ಟೋಪಿಯನ್ನು ಫೋಟೋದವನು ತೆಗೆಸಿದ. ನಡಿಗೆ ಮುಗಿದ ಮೇಲೆ ಅಧ್ಯಕ್ಷರು ಕಾರು ಹತ್ತಿದರು. ಬೋರ್ಡಕ್ಕ ಜ್ವರದಲ್ಲಿ ಮಲಗಿದವಳು ಮಳೆಗಾಲ ಶುರುವಾದ ಮೇಲೆ ಎದ್ದಳು. ಇದನ್ನು ಜಾಗೃತಿ ಎನ್ನುವುದಾದರೆ, ಈಜು ಬಾರದವರನ್ನು ಬಾವಿಗೆ ತಳ್ಳಿ ನೀರಿನ ಬಗ್ಗೆ ತಿಳಿವಳಿಕೆ ಕೊಟ್ಟೆವು ಎಂದೂ ಹೇಳಬಹುದು.

ನಡಿಗೆಯ ದಿನ ಡಾಕ್ಟರಮ್ಮನನ್ನೂ ವೇದಿಕೆಗೆ ಕರೆದಿದ್ದರು. ಆಕೆ ರಕ್ತದ ಮಾದರಿ ಕೆಡದಂತೆ ಇಡಲು ಒಂದು ಒಳ್ಳೆಯ ಫ್ರೀಜರ್ ಕೇಳಿದರು. ಸಮಿತಿಯವರು ಚಪ್ಪಾಳೆ ತಟ್ಟಿ ಆಕೆಯ ಹೆಸರು ಕೆತ್ತಿಸಿದ ಗಾಜಿನ ಫಲಕ ಕೊಟ್ಟರು. ಹಳೇ ಫ್ರೀಜರಿನ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ಈಗ ಅದು ತೆರೆದುಕೊಳ್ಳದಂತೆ ಆ ಫಲಕವನ್ನೇ ಒತ್ತು ಕೊಟ್ಟಿದ್ದಾರೆ.

ಹಾಸಿಗೆಯಿಂದ ಎದ್ದ ಬೋರ್ಡಕ್ಕ, ಮಳೆ ನಿಂತು ಗೋಡೆಗಳು ಒಣಗಿದ ಮೇಲೆ, ಹಿಟ್ಟಿನ ಗಿರಣಿಯ ಯಜಮಾನನ ಹತ್ತಿರ ಹೋದಳು. ಗಿರಣಿಯ ಗೋಡೆ ದೊಡ್ಡಾಸ್ಪತ್ರೆಯ ಎದುರಿಗೆ, ಬಸ್ ನಿಲ್ಲುವ ಜಾಗದಲ್ಲಿ. ಊರಿನ ಅರ್ಧ ಹೆಣ್ಣುಮಕ್ಕಳು ದಿನವೂ ಅಲ್ಲಿ ನಿಂತು ಬಸ್ಸಿಗೆ ಕಾಯುತ್ತಾರೆ.

"ಗೋಡೆ ಕೊಡಿ ಯಜಮಾನ್ರೇ."

"ಕಿತ್ಕೊಂಡ್ ಹೋಗ್ತೀಯಾ?"

"ಬರೆದು ವಾಪಸ್ ಕೊಡ್ತೀನಿ."

ಆ ಗೋಡೆ ಪಡುವಣಕ್ಕೆ ಮುಖ ಮಾಡಿದ್ದು, ಹಾಗಾಗಿ ಬೆಳಗಿನ ಹೊತ್ತೆಲ್ಲ ನೆರಳು. ಬೆರಳಿನ ಬಿಗಿತ ಬಿಸಿನೀರಿಗೆ ಸಡಿಲಾದ ಮೇಲೆ ಬಂದು, ಬಿಸಿಲು ಗೋಡೆಯ ನೆತ್ತಿ ದಾಟುವ ಮೊದಲು ಇಳಿಯುತ್ತಿದ್ದಳು. ಒಂದು ಹೆಣ್ಣಿನ ಮುಖ ಬರೆದಳು. ಅಳುವ ಮುಖವಲ್ಲ, ನೆಟ್ಟಗೆ ನೋಡುವ ಮುಖ. ಕೆನ್ನೆಗೆ ಚಿಟ್ಟೆ ಬರೆಯಲು ಅಂಗಡಿಗೆ ಹೋಗಿ, ಆ ಮನೆಯಿಂದ ಬಹಿಷ್ಕಾರವಾಗಿದ್ದ ಕೆಂಪು ಡಬ್ಬಿಯನ್ನು ಕೈಯಾರೆ ಆರಿಸಿ ತಂದಳು. ಪಕ್ಕದಲ್ಲಿ ದೊಡ್ಡ ಅಕ್ಷರ: ಕೆನ್ನೆ ಕೆಂಪಾ? ಬೆರಳು ನೋವಾ? ಬಿಸಿಲಿಗೆ ಹೆಚ್ಚಾ? ಬಾಯಲ್ಲಿ ಹುಣ್ಣಾ? ಕೂದಲು ಉದುರುತ್ತಾ? ಕಾಲು ಊತವಾ? ಇದು ಅಂಟುರೋಗವಲ್ಲ, ಸೋಮಾರಿತನವೂ ಅಲ್ಲ.

ಇಷ್ಟು ಬರೆದಿದ್ದಳು, ಡಾಕ್ಟರಮ್ಮನ ಕೋಣೆಗೆ ದಾರಿ ಬರೆಯುವುದು ಬಾಕಿಯಿತ್ತು. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹುಡುಗಿ ಬಸ್ಸು ಬಿಟ್ಟು ಏಣಿಯ ಕೆಳಗೆ ಬಂದು ನಿಂತಳು.

"ಅಕ್ಕಾ, ಇದ್ರಲ್ಲಿ ನಾಲ್ಕು ನನಗಿದೆ. ಇಸ್ತ್ರಿ ಪೆಟ್ಟಿಗೆ ಶಾಖಕ್ಕೆ ಅಂತ ಡಾಕ್ಟರು ಹೇಳಿದ್ರು."

ಬೋರ್ಡಕ್ಕ ಏಣಿಯಿಂದ ಇಳಿದಳು. ಕುಂಚ ಒರೆಸದೆ ಇಟ್ಟದ್ದು ಅವಳ ಜನ್ಮದಲ್ಲಿ ಅದೇ ಮೊದಲು. ಹುಡುಗಿಯ ಕೈ ಹಿಡಿದು ರಸ್ತೆ ದಾಟಿಸಿ ಡಾಕ್ಟರಮ್ಮನ ಕೋಣೆಗೆ ಕರೆದೊಯ್ದಳು. ಅವಳ ಪರೀಕ್ಷೆಗಳಿಗೆ ಜೊತೆಯಾಗಿ ಓಡಾಡಿದ ದಿನಗಳಲ್ಲಿ ಗೋಡೆಯ ಕೆಲಸ ನಿಂತಿತ್ತು. ಹುಡುಗಿಗೂ ಲೂಪಸ್. ಮೂತ್ರಪಿಂಡಕ್ಕೆ ಇನ್ನೂ ಏನೂ ಆಗಿರಲಿಲ್ಲ.

ಈ ಸುದ್ದಿ ಸಮಿತಿಗೆ ಮುಟ್ಟಿತು. ಅಧ್ಯಕ್ಷರ ಕಣ್ಣು ಗೋಡೆಯ ಮೇಲೆ ಬಿತ್ತು. ಗಿರಣಿ ಯಜಮಾನನನ್ನು ಕೇಳಿದರು. ಅವನು "ಗೋಡೆ ನಂದು, ಮಾತು ಅವಳಿಗೆ ಕೊಟ್ಟಿದೀನಿ. ಅವಳು ಹೂಂ ಅಂದ್ರೆ ನಂದೂ ಹೂಂ" ಎಂದ. ಆದ್ದರಿಂದ ಅಧ್ಯಕ್ಷರು ಕೈಯಲ್ಲಿ ಸುರುಳಿ ಹಿಡಿದು ಏಣಿಯ ಹತ್ತಿರವೇ ಬಂದರು. ಬಿಚ್ಚಿ ತೋರಿಸಿದರು. ಗೋಡೆಯಗಲ ತೂಗುಹಾಕಲಿರುವ ಫ್ಲೆಕ್ಸಿನ ಮಾದರಿ. ನಡಿಗೆಯ ದಿನ ಟೋಪಿ ತೆಗೆಸಿ ಹಿಡಿದ ಬೋರ್ಡಕ್ಕನ ಫೋಟೋ, ಉರಿಗೆ ಕಣ್ಣಲ್ಲಿ ನೀರು ಬಂದದ್ದು. ಅಕ್ಕಪಕ್ಕ ಸಮಿತಿಯವರೆಲ್ಲರ ನಗುಮುಖ. "ಬನ್ನಿ, ಕಣ್ಣೀರು ಒರೆಸೋಣ" ಎಂಬ ಸಾಲು. ಲಕ್ಷಣ ಒಂದೂ ಇಲ್ಲ, ಡಾಕ್ಟರಮ್ಮನ ಕೋಣೆಯ ಸುಳಿವಿಲ್ಲ.

"ಲಾಂಡ್ರಿ ಹುಡುಗಿ ಇದನ್ನ ನೋಡಿದ್ರೆ ಏನ್ ತಿಳ್ಕೋತಿದ್ಲು?" ಎಂದು ಕೇಳಿದಳು ಬೋರ್ಡಕ್ಕ.

"ಅನುಕಂಪ ಬರುತ್ತಮ್ಮ. ಜನಕ್ಕೆ ಮೊದಲು ಅನುಕಂಪ ಬರಬೇಕು."

"ಅವಳಿಗೆ ಬೇಕಾಗಿದ್ದು ದಾರಿ."

ಅಧ್ಯಕ್ಷರು ದನಿ ಮೆತ್ತಗೆ ಮಾಡಿದರು. "ನೋಡಮ್ಮ, ನೀನು ಒಪ್ಪಿದ್ರೆ ನಿನ್ನ ಔಷಧಿ, ಪರೀಕ್ಷೆ, ಬದುಕಿರೋತನಕ ಎಲ್ಲಾ ನಮ್ಮ ಸಮಿತೀದು. ಈ ಕೈಯಲ್ಲಿ ಏಣಿ ಹತ್ತೋ ಕಷ್ಟ ನಿನಗ್ಯಾಕೆ?"

ಅತ್ತಿಗೆಯೂ ಅಲ್ಲಿದ್ದಳು. ಈಚೆಗೆ ಬೆಳಿಗ್ಗೆ ಬೆರಳಿಗೆ ಬಿಸಿನೀರು ಕಾಸಿ ಕೊಟ್ಟು, ಗೋಡೆಯ ತನಕ ಜೊತೆಗೆ ಬರುವವಳು ಅವಳೇ. ಆಕೆ ಒಂದು ಹೆಜ್ಜೆ ಮುಂದೆ ಬಂದಳು. ಔಷಧಿಯ ಭಾರ ಆ ಮನೆಗೆ ಸಣ್ಣದಲ್ಲ. ಬೋರ್ಡಕ್ಕ ಅತ್ತಿಗೆಯ ಮುಖ ನೋಡಿದಳು, ಗೋಡೆ ನೋಡಿದಳು, ಆಮೇಲೆ ಸುರುಳಿಯನ್ನು ಅಂದವಾಗಿ ಸುತ್ತಿ ಅಧ್ಯಕ್ಷರ ಕೈಗೇ ಇಟ್ಟಳು.

"ಬೇಡ ಸ್ವಾಮಿ. ನನ್ನ ಔಷಧಿ ನಾನು ನೋಡ್ಕೋತೀನಿ. ಬೆರಳು ಇನ್ನೂ ಕುಂಚ ಹಿಡಿಯುತ್ತೆ. ಹಿಡಿಯದ ದಿನ ಮಣಿಕಟ್ಟಿಗೆ ಕಟ್ಕೊಂಡು ಬರೀತೀನಿ. ಕೊಡೋ ಮನಸ್ಸು ಅಷ್ಟು ಉಕ್ತಾ ಇದ್ರೆ ಡಾಕ್ಟರಮ್ಮಂಗೆ ಫ್ರೀಜರ್ ಕೊಡಿಸಿ, ಅದರ ಬಾಗಿಲ ಮೇಲೆ ನಿಮ್ಮ ಹೆಸರು ನಾನೇ ಚೆಂದವಾಗಿ ಬರೆದುಕೊಡ್ತೀನಿ. ನನಗೆ ಮಾತ್ರ ಏನೂ ಬೇಡ. ಈಗ ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ, ನೆರಳು ಸರೀತಾ ಇದೆ, ನಂಗಿನ್ನೂ ದಾರಿ ಬರೆಯೋದಿದೆ."