ಮಂಡಿಯೆತ್ತರದ ಹೊಸಲು

ನಿವೃತ್ತನಾದ ಮೇಲೆ ನನಗೊಂದು ಚಟ ಹತ್ತಿತು. ಜೆ.ಪಿ. ನಗರದ ನಾವು ನಾಲ್ಕು ಜನ ಮಾಜಿ ಇಂಜಿನಿಯರುಗಳು ಸೇರಿ, ಕೈಲಾಗದ ವಯಸ್ಸಾದವರ ಸ್ವಂತ ಮನೆಗಳನ್ನು ಪುಕ್ಕಟೆಯಾಗಿ ರಿಪೇರಿ ಮಾಡಿಸಿಕೊಡುತ್ತಿದ್ದೆವು. ಒಳ್ಳೆಯ ಕೆಲಸವೇ. ಆದರೆ ಕೆಲಸದ ಜಾಗದಲ್ಲಿ ಯಾರಾದರೂ ಎದುರು ಮಾತಾಡಿದರೆ ನನಗೆ ಮೈ ಉರಿಯುತ್ತಿತ್ತು. ಮೂವತ್ತು ವರ್ಷ ಮೇಸ್ತ್ರಿಗಳನ್ನು ಗದರಿಸಿದವನ ನಾಲಗೆ ಅದು.

ಜರಗನಹಳ್ಳಿಯ ಹಳೇ ಬೀದಿಯಲ್ಲಿ ಹೂ ಮಾರುವ ಅಜ್ಜಿಯೊಬ್ಬರ ಮನೆಯಿತ್ತು. ಟಾರಿನ ಮೇಲೆ ಟಾರು ಹಾಕಿ ಹಾಕಿ ರಸ್ತೆ ಮೇಲೆದ್ದು, ಮನೆ ಹಳ್ಳಕ್ಕೆ ಬಿದ್ದಂತಾಗಿತ್ತು. ಮಳೆ ಬಂದರೆ ಮೋರಿ ನೀರು ಸೀದಾ ಅಡುಗೆ ಒಲೆಯ ತನಕ. ಬಾಗಿಲಾಚೆ ರಸ್ತೆಯಂಚಿಗೆ ಕೂತು ಹೂ ಕಟ್ಟುವುದು, ಹೋಗಿಬರುವವರ ಜೊತೆ ಹರಟುವುದು, ಇಷ್ಟೇ ಅವರ ಬದುಕು.

ನಾನು ಬಾಗಿಲಿಗೆ ಮಂಡಿಯೆತ್ತರದ ಹೊಸಲು ಕಟ್ಟಿಸಿದೆ. ಪಾದ ಪೂರ್ತಿ ಊರಿ ಹತ್ತಿ ಇಳಿಯಲಿ ಎಂದು ಒಂದಡಿ ಅಗಲ ಮಾಡಿಸಿದೆ. ಅಜ್ಜಿ ನೋಡಿ ಏನೋ ಹೇಳಲು ಬಾಯಿ ತೆರೆದರು.

"ಸುಮ್ನಿರಿ ಅಜ್ಜಿ, ನಿಮಗೆ ಗೊತ್ತಾಗಲ್ಲ" ಅಂದೆ.

ಅಜ್ಜಿ ಹೂವಿನ ಬುಟ್ಟಿಯ ಕಡೆ ತಿರುಗಿದರು. ಕೆಲಸ ಮುಗಿದ ದಿನ ಹೊಸಲಿಗೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿ, ನನ್ನ ಹೆಂಡತಿಗೆಂದು ಮಲ್ಲಿಗೆ ಕೊಟ್ಟು ಕಳಿಸಿದರು.

ಆ ವರ್ಷದ ಮಳೆಗೆ ಒಳಗೆ ಒಂದು ಹನಿಯೂ ಬರಲಿಲ್ಲ. ನಾನು ಕಂಡಕಂಡವರ ಹತ್ತಿರ ಹೇಳಿಕೊಂಡು ಬೀಗಿದೆ. ಅಷ್ಟರಲ್ಲಿ ಅಜ್ಜಿ ಬಾಗಿಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆಂದು ಪಕ್ಕದ ಮನೆಯವರು ಫೋನ್ ಮಾಡಿದರು.

ಹೊಸಲು ತುಳಿಯಬಾರದು. ಚಿಕ್ಕಂದಿನಲ್ಲಿ ತುಳಿದಾಗಲೆಲ್ಲ ನನ್ನಮ್ಮ ಕಾಲಿಗೆ ಬಾರಿಸುತ್ತಿದ್ದಳು. ಪೂಜೆ ಮಾಡಿದ ಹೊಸಲ ಮೇಲೆ ಎಂಬತ್ತು ದಾಟಿದ ಹೆಂಗಸು ಕಾಲಿಡುತ್ತಾರೆಯೇ? ದಿನವೂ ಸೀರೆ ಎತ್ತಿ ಹಿಡಿದು, ಬಾಗಿಲ ಚೌಕಟ್ಟಿಗೆ ಆತುಕೊಂಡು, ಆ ಒಂದಡಿ ಅಗಲವನ್ನು ಕಾಲು ಚಾಚಿ ದಾಟುತ್ತಿದ್ದರಂತೆ. ನನ್ನ ಇಂಜಿನಿಯರಿಂಗಿಗಿಷ್ಟು ಬೆಂಕಿ ಹಾಕ.

ಆಸ್ಪತ್ರೆಯಿಂದ ಬಂದ ಮೇಲೆ ನೋಡಲು ಹೋದೆ. ಹೊಸಲಿನ ಒಳಮುಖಕ್ಕೆ ಮಾತ್ರ ಅರಿಶಿನ ಇತ್ತು. ಹೊರಮುಖ ಬರೀ ಸಿಮೆಂಟು. ತೆವಳಿಕೊಂಡು ಬಂದು ಕೈಗೆಟುಕಿದಷ್ಟಕ್ಕೆ ಹಚ್ಚಿದ್ದರು.

"ದಾಟೋಕಾಗಲ್ಲ ಅಂತ ಮೊದಲೇ ಹೇಳಬಾರದಿತ್ತಾ ಅಜ್ಜಿ?" ಎಂದೆ. ಹೇಳಲು ಬಿಡದವನು ನಾನೇ.

"ಧರ್ಮಕ್ಕೆ ದಟ್ಟಿ ಕೊಟ್ರೆ ಹಿತ್ತಲಿಗೆ ಹೋಗಿ ಮೊಳ ಹಾಕಿದ್ರಂತೆ. ನಾನು ಅಂಥೋಳಲ್ಲ ಕಣಪ್ಪ."

"ನಾಳೇನೇ ಒಡೆಸ್ತೀನಿ. ಇಳಿಜಾರು ಮಾಡಿಸ್ತೀನಿ. ವಾಕರ್ ಹಿಡ್ಕೊಂಡು ಹೊರಗೆ ಹೋಗ್ಬಹುದು ನೀವು."

ಅಜ್ಜಿ ನನ್ನ ಕೈ ಹಿಡಿದುಕೊಂಡರು. ತಪ್ಪು ಮಾಡಿದ ಮಗುವನ್ನು ಸಮಾಧಾನ ಮಾಡುವ ಹಾಗಿತ್ತು ಅವರ ದನಿ.

"ಪೂಜೆ ಮಾಡಿರೋ ಹೊಸಲು, ಒಡೀಬಾರ್ದು. ನೀರು ಬರ್ತಿಲ್ವಲ್ಲ, ಸಾಕು. ನಾನು ಒಳಗೇ ಇರ್ತೀನಿ ಬಿಡು."