ಒಂದೇ ಕೋಟು, ಎರಡು ತಲೆ

ಬೋನಸ್ ಕೈತುಂಬ ಬಂದ ವರ್ಷ ನನ್ನ ಗಂಡ ಬ್ಯಾಂಕಿನಿಂದ ಬರುವಾಗ ಒಬ್ಬ ಫ್ರೆಂಚ್ ಸಾಹೇಬನನ್ನು ಫ್ರೇಮಿನಲ್ಲಿ ಕೂರಿಸಿಕೊಂಡು ಬಂದರು. ಮುನ್ನೂರು ವರ್ಷದ ಹಿಂದಿನ ಬರೋಕ್ ಕಾಲದ ಚಿತ್ರವಂತೆ. ತಾಮ್ರದ ತಗಡಿನ ಮೇಲೆ ಗೆರೆ ಗೆರೆಯಾಗಿ ಕೊರೆದು, ಮಸಿ ತುಂಬಿ, ಕಾಗದಕ್ಕೆ ಒತ್ತಿದ್ದು. ಕುರಿಯ ತುಪ್ಪಟದಂಥ ವಿಗ್ಗು, ಕೊರಳಲ್ಲಿ ಲೇಸು, ಸಾಲು ಗುಂಡಿಗಳ ಕೋಟು. ಆಗಿನ ದೊಡ್ಡವರು ಹೀಗೆ ತಮ್ಮ ಮುಖ ಕೊರೆಸಿ, ಪ್ರತಿ ಒತ್ತಿಸಿ, ಬೇಕಾದವರಿಗೆಲ್ಲ ಹಂಚುತ್ತಿದ್ದರಂತೆ. ನಮ್ಮವರು ವಿಸಿಟಿಂಗ್ ಕಾರ್ಡ್ ಹಂಚುವುದೂ ಇದೇ ತಾನೆ ಅನ್ನಿಸಿತು. ಬ್ಯೂನಾ ವಿಸ್ಟಾದ ನಮ್ಮ ಕಾಂಡೋ ಫ್ಲ್ಯಾಟಿಗೆ ಯಾರು ಬಂದರೂ ಕಾಫಿಗಿಂತ ಮೊದಲು ಸಾಹೇಬನ ದರ್ಶನ. ಇಂಥದ್ದು ಸಿಂಗಪುರದಲ್ಲೇ ಇನ್ನೊಂದಿಲ್ಲ ಎಂಬ ಮಾತು ಪ್ರಸಾದದ ಹಾಗೆ ಎಲ್ಲರಿಗೂ ಸಿಗುತ್ತಿತ್ತು.

ಕೋಟೆಂದರೆ ನನಗೂ ಮರುಳು. ಅಪ್ಪ ಮೂವರು ಹುಡುಗರ ಫೋಟೋ ಮುಂದಿಟ್ಟಾಗ ನಾನು ಬೆರಳು ತೋರಿಸಿದ್ದು ಕೋಟು ಹಾಕಿದ್ದ ಇವರ ಕಡೆಗೆ. ಗದಗದಲ್ಲಿದ್ದುಕೊಂಡು ಕೋಟು ಹೊಲಿಸಿಕೊಂಡ ಗಂಡು, ಮೇಲೆ ನೆಟ್ಟನೆಯ ಮೂಗು. ಇನ್ನೇನು ಬೇಕು?

ಒಂದು ಭಾನುವಾರ ಬುಕಿತ್ ಪಂಜಾಂಗ್‌ನ ಗೆಳೆಯರೊಬ್ಬರ ಮನೆಗೆ ಊಟಕ್ಕೆ ಹೋದೆವು. ಅವರು ಮೈಸೂರಿನವರು, ಪ್ರೊಫೆಸರ್. ಊರಿಂದ ಬಂದಿದ್ದ ನನ್ನ ಅತ್ತೆಯೂ ಜೊತೆಗಿದ್ದರು. ಒಳಗೆ ಕಾಲಿಟ್ಟರೆ ಗೋಡೆಯ ಮೇಲೊಬ್ಬ ಸಾಹೇಬ. ಅದೇ ಕೋಟು, ಅದೇ ಲೇಸು, ಸೊಂಟದ ಮೇಲೆ ಅದೇ ಕೈ. ತಲೆ ಮಾತ್ರ ಬೇರೆಯವನದು. ನಮ್ಮವರ ಮುಖ ಹರಳೆಣ್ಣೆ ಕುಡಿದಂತಾಯಿತು.

ಪ್ರೊಫೆಸರಿಗೆ ಗುಟ್ಟು ಗೊತ್ತಿತ್ತು. ತಾಮ್ರ ದುಬಾರಿ. ಒಬ್ಬ ಸತ್ತರೆ, ಇಲ್ಲವೆ ಅಧಿಕಾರ ಕಳೆದುಕೊಂಡರೆ, ಅವನ ಮುಖವನ್ನಷ್ಟೇ ಕೆರೆದು, ತಗಡು ತಟ್ಟಿ ಸಮ ಮಾಡಿ, ಹೊಸಬನ ತಲೆ ಕೊರೆಯುತ್ತಿದ್ದರಂತೆ. ಹಾಗಾದರೆ ಕೋಟು ಮೊದಲು ಯಾರದು? ನಮ್ಮವನದೇ ಎಂದು ಇವರು, ನಮ್ಮವನದೇ ಎಂದು ಅವರು. ಹೋಳಿಗೆ ಆರಿತು.

ಅತ್ತೆಗೆ ಹಸಿವು. ಸತ್ತವರ ಕೋಟಿಗೆ ಯಾಕೆ ಜಗಳ ಎಂದು ಗದರಿಸಿ ಮಗನತ್ತ ತಿರುಗಿದರು. "ಹೆಣ್ಣಿನ ಕಡೆಯವರಿಗೆ ಕಳಸಿದ ಫೋಟೋದಾಗಿನ ಕೋಟರ ಎಲ್ಲಿ ನಿಂದಿತ್ತು? ಸ್ಟುಡಿಯೋದಂವಂದು. ನಮ್ಮ ಓಣಿ ಹುಡುಗರೆಲ್ಲಾ ಅದನ್ನ ಹಾಕ್ಕೊಂಡ ಮದುವಿ ಆಗ್ಯಾರ."

ಪ್ರೊಫೆಸರ ಹೆಂಡತಿ ಸೆರಗನ್ನು ಬಾಯಿಗೊತ್ತಿಕೊಂಡು ಅಡಿಗೆಮನೆಗೆ ಓಡಿದರು. ನನಗೆ ಸಿಟ್ಟು ಬಂತು, ಅದರ ಹಿಂದೆಯೇ ತಡೆಯಲಾರದ ನಗು. ನಾನು ಮೆಚ್ಚಿದ ಕೋಟು ಇನ್ನೆಷ್ಟು ಹುಡುಗಿಯರನ್ನು ಒಪ್ಪಿಸಿತ್ತೋ.

ವಾಪಸು ಬರುವಾಗ ಎಂಆರ್‌ಟಿ ರೈಲಿನಲ್ಲಿ ಅತ್ತೆ ತೂಕಡಿಸುತ್ತಿದ್ದರು. ಇವರು ಮುಖ ಊದಿಸಿಕೊಂಡು ಕೂತಿದ್ದರು. ಪಾಪ ಅನ್ನಿಸಿತು, ಆದರೂ ಕೆಣಕದೆ ಇರಲಾಗಲಿಲ್ಲ.

"ಕೋಟು ಹೋಗ್ಲಿ ಬಿಡ್ರಿ, ತಲೆ ನಿಮ್ದೇ ತಾನೆ?"

ನಮ್ಮ ಸ್ಟೇಷನ್ ಬರುವವರೆಗೂ ಅವರು ಬಾಗಿಲನ್ನೇ ನೋಡುತ್ತಿದ್ದರು. ಇಳಿಯುವಾಗ ಸಣ್ಣ ದನಿಯಲ್ಲಿ ಹೇಳಿದರು:

"ಮೂಗಿಗೂ ಆ ಸ್ಟುಡಿಯೋದವನೇ ಸ್ವಲ್ಪ ಟಚಪ್ ಮಾಡಿದ್ದ."