ಮಾವನ ಹೊಟ್ಟೆಯೊಳಗಿನ ಹೊಲಿಗೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಡಾಕ್ಟರ ದನಿಯನ್ನು ಮಿಮಿಕ್ರಿ ಮಾಡಿ ನನ್ನ ಸೋದರಮಾವನಿಗೆ ಕಾಫಿ ಕುಡಿಯಲು ಅಪ್ಪಣೆ ಕೊಟ್ಟ ಪೆದ್ದ ನಾನೇ. ಕ್ಯಾನ್ಸರ್ ಅಂತ ಮಾವನ ಜಠರವನ್ನು ಪೂರ್ತಿ ತೆಗೆದು ಆಗಿನ್ನೂ ನಾಲ್ಕು ದಿನ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಮಾವನದು ದೇವರಾಜ ಮೊಹಲ್ಲಾದಲ್ಲಿ ಟೈಲರ್ ಅಂಗಡಿ. ಇನ್ನೊಬ್ಬರ ಹೊಲಿಗೆಯನ್ನು ಅವರು ಹೊಗಳಿದ್ದು ನಾನಂತೂ ಕೇಳಿರಲಿಲ್ಲ.

ಆಪರೇಷನ್ನಿಗೆ ಮುಂಚೆ ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದು ವಿವರಿಸಿದರು. ಹೊಟ್ಟೆ ಉದ್ದಕ್ಕೆ ಸೀಳುವುದಿಲ್ಲ. ಐದು ಸಣ್ಣ ತೂತು, ಒಂದರಲ್ಲಿ ಕ್ಯಾಮೆರಾ. ಜಠರ ಬಿಡಿಸಿದ ಮೇಲೆ ಸಣ್ಣ ಕರುಳನ್ನು ಒಂದು ಕಡೆ ಕತ್ತರಿಸಿ, ಕೆಳಗಿನ ತುದಿಯನ್ನು ಮೇಲೆಳೆದು ಅನ್ನನಾಳಕ್ಕೆ ಜೋಡಿಸುವುದು. ಪಿತ್ತ ತರುವ ಇನ್ನೊಂದು ತುದಿಯನ್ನು ಎರಡು ಗೇಣು ಕೆಳಗೆ ಸೇರಿಸುವುದು, ಪಿತ್ತ ಗಂಟಲಿಗೇರದಿರಲಿ ಎಂದು. ಹೊಲಿಗೆಯೆಲ್ಲ ಒಳಗೇ, ಉದ್ದನೆಯ ಚಿಮಟದಲ್ಲಿ, ಟಿವಿ ನೋಡಿಕೊಂಡು.

ಗಂಟು ಹೇಗೆ ಹಾಕುತ್ತೀರಿ ಎಂದು ಮಾವ ಕೇಳಿದರು. ಡಾಕ್ಟರು ಮೇಜಿನ ಕೆಳಗಿಂದ ತೂತು ಕೊರೆದ ಚಪ್ಪಲಿ ಡಬ್ಬ ತೆಗೆದರು. ಒಳಗೆ ಟಿವಿಗೆ ಜೋಡಿಸಿದ ಪುಟ್ಟ ಕ್ಯಾಮೆರಾ, ಬಟ್ಟೆಯದೊಂದು ಕೊಳವೆ. ಕಣ್ಣು ಟಿವಿಯ ಮೇಲಿಟ್ಟು, ಚಿಮಟ ತೂರಿಸಿ, ಮೂರು ಗಂಟು ಹಾಕಿದರು. ದಿನಾ ಹೀಗೆ ಅಭ್ಯಾಸವಂತೆ. ಮಾವ ಆ ಬಟ್ಟೆಯನ್ನು ಉಗುರಿನಲ್ಲಿ ಎಳೆದು ನೋಡಿ, "ನಮ್ ಕೈಲಾಗಲ್ಲ ಬುಡಿ ಸಾರ್" ಎಂದರು.

ಆಪರೇಷನ್ ಮುಗಿಯಿತು. ಜೋಡಣೆ ಸೋರಿದರೆ ಜೀವಕ್ಕೇ ಅಪಾಯ. ಎಕ್ಸ್‌ರೇಯಲ್ಲಿ ಕಾಣುವ ಔಷಧಿ ನುಂಗಿಸಿ ನೋಡುವವರೆಗೆ ಹನಿ ನೀರೂ ಕೂಡದು. ಇದು ನನಗೂ ಗೊತ್ತಿತ್ತು. ಆದರೂ, ಹಸಿದು ಸಪ್ಪಗಿದ್ದ ಮಾವನನ್ನು ನಗಿಸಲು, ಪರದೆಯ ಹಿಂದೆ ನಿಂತು ಡಾಕ್ಟರ ಹಾಗೇ ಮೂಗಿನಲ್ಲಿ ರಾಗ ಎಳೆದೆ: "ಯಜಮಾನ್ರೇ, ಒಂದ್ ಲೋಟ ಕಾಫಿ ಕುಡೀಬೋದು ನೀವು."

ಅವರು ನಗಲಿಲ್ಲ. ಪಕ್ಕದ ಹಾಸಿಗೆಯವರ ಫ್ಲಾಸ್ಕಿನಿಂದ ಬಗ್ಗಿಸಿಕೊಂಡು ತುಟಿಗಿಟ್ಟೇ ಬಿಟ್ಟರು. ನರ್ಸಮ್ಮ ಓಡಿಬಂದು ಲೋಟ ಕಿತ್ತುಕೊಂಡರು. ಗುಟುಕು ಒಳಗೆ ಹೋಯಿತೋ ಇಲ್ಲವೋ ಮಾವನಿಗೇ ತಿಳಿಯದು. ನಾನು ಪರದೆಯ ಹಿಂದಿನಿಂದ ಬಂದು ಚೆಲ್ಲಿದ ಕಾಫಿ ಒರೆಸಿದೆ.

ಮರುದಿನ ಎಕ್ಸ್‌ರೇ. ಔಷಧಿ ಅನ್ನನಾಳದಿಂದ ಕರುಳಿಗೆ ನೆಟ್ಟಗೆ ಇಳಿದಿತ್ತು, ಎಲ್ಲೂ ಒಸರಿರಲಿಲ್ಲ. ಡಾಕ್ಟರಿಗೆ ತಪ್ಪೊಪ್ಪಿಕೊಂಡೆ. ಅವರು ನನ್ನನ್ನೊಮ್ಮೆ ನೋಡಿ, ಚಮಚದಲ್ಲಿ ನೀರು ಕೊಡಬಹುದು ಎಂದು ಬರೆದು ಹೊರಟರು.

ಪ್ರಾಣ ಬಂದಂತಾಗಿ ನನ್ನ ಜಂಬವೂ ವಾಪಸ್ಸು ಬಂತು. ಅಷ್ಟು ಚೆನ್ನಾಗಿತ್ತಾ ನನ್ನ ಮಿಮಿಕ್ರಿ ಎಂದು ಮಾವನನ್ನು ಕೇಳಿದೆ.

ಮಾವ ಚಮಚ ಕೆಳಗಿಟ್ಟರು. "ನಿನ್ ದನಿ ಅಂತ ಆಗ್ಲೇ ಅನುಮಾನ ಬಂದಿತ್ತು ಕಣೋ. ಅಕಸ್ಮಾತ್ ಡಾಕ್ಟ್ರೇ ಹೇಳಿದ್ದಿದ್ರೆ ಇಲ್ಲ ಅನ್ನೋಕಾಗುತ್ತಾ ಅಂತ ಲೋಟ ಎತ್ತಿದೆ."